ನಮ್ಮದೇ ಕಾರಿಗೆ ನಾನು ಗೆಸ್ಟ್

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ಇಂದಿನ ರಾಜಕಾರ್ಯ ಸುಸೂತ್ರ. ಅಪ್ಪ ಬಕೆಟ್ ಹಿಡಿದು ಕಾರಿನ ಮೈ ತಿಕ್ಕುತ್ತಿದ್ದರು. ಮಹಡಿ ಕಿಟಕಿಯಿಂದ ಫೋನಿನಲ್ಲಿ ಹಾರ್ನ್ ಒತ್ತಿದೆ. ಪೀಂ...! ಬಕೆಟ್ ಅತ್ತ, ಅಪ್ಪ ಇತ್ತ.

"ಏ ಕತ್ತೆ! ಕೆಳಗಿಳಿ, ಕಾಲು ಮುರೀತೀನಿ!"

ಗೌರವಪೂರ್ವಕವಾಗಿ ಕಿಟಕಿ ಮುಚ್ಚಿದೆ.

ಘನತೆವೆತ್ತ ವಾಹನ ಮನೆಗೆ ದಯಮಾಡಿಸಿ ಎರಡು ವಾರ. ಪುಟ್ಟ ಎಸ್‌ಯುವಿ. ಒಂದು ಲೀಟರ್ ಟರ್ಬೊ, ಆಟೊಮ್ಯಾಟಿಕ್, ಆರು ಏರ್‌ಬ್ಯಾಗ್, ಸನ್‌ರೂಫ್. ಫ್ಲೈಓವರ್ ಹತ್ತುವಾಗ ಕೊಂಚ ಯೋಚಿಸುತ್ತದೆ, ಆಮೇಲೆ ಬಾಲಕ್ಕೆ ಬೆಂಕಿ ಬಿದ್ದಂತೆ ಓಟ. ಮೈಲೇಜು ಕಾಗದದಲ್ಲಿ ಹತ್ತೊಂಬತ್ತು, ರಸ್ತೆಯಲ್ಲಿ ಹದಿಮೂರು. ಅಪ್ಪನೆದುರು ಈ ಮಾತೆತ್ತುವುದು ರಾಜದ್ರೋಹ.

ಶೋರೂಮಿನ ಡೆಮೊ ಗಾಡಿ. ಟಾಪ್ ಮಾಡೆಲ್, ನಡುವಿನ ಮಾಡೆಲ್‌ನ ಬೆಲೆಗೆ. ಇಂಥ ವ್ಯಾಪಾರ ಭೂಲೋಕದಲ್ಲಿ ಇನ್ನೊಬ್ಬರು ಮಾಡಿಲ್ಲವೆಂದು ಅಪ್ಪನ ಘೋಷಣೆ. "ಎರಡು ದಿನ ಬಿಟ್ಟು ತಗೊಂಡ್ಹೋಗಿ ಸರ್, ಆ್ಯಪ್‌ನಲ್ಲಿ ನಮ್ಮ ಅಕೌಂಟ್ ತೆಗೆದು ನಿಮ್ಮದು ಹಾಕ್ಕೊಡ್ತೀವಿ" ಅಂದಿದ್ದರು. ಅಷ್ಟರಲ್ಲಿ ರೇಟು ಏರಿಸಿಬಿಟ್ಟರೆ? ಅಪ್ಪ ಅವತ್ತೇ ಕೀ ಕಿತ್ತುಕೊಂಡಂತೆ ತಂದರು. ಸೇಲ್ಸ್‌ನವನು ಅಲ್ಲಿಯೇ ನನ್ನ ಫೋನಿಗೆ 'ಗೆಸ್ಟ್' ಎಂದು ಪ್ರವೇಶ ದಯಪಾಲಿಸಿದ. ಮಾತಿಗೆ ಮುಂಚೆ ನಗು. ನಾನಿಟ್ಟ ಹೆಸರು ಬೆಣ್ಣೆ.

ಹಾರ್ನ್, ಲೈಟು, ಲಾಕು, ಎಸಿ, ಗಾಡಿ ಎಲ್ಲಿದೆಯೆಂದು ತೋರಿಸುವ ಮ್ಯಾಪು, ಎಲ್ಲ ಅಂಗೈಯಲ್ಲಿ. ನಮ್ಮದೇ ಕಾರಿಗೆ ನಾನು ಗೆಸ್ಟ್. ಆದರೂ ಆಳ್ವಿಕೆ ನನ್ನದೇ.

ಮಾರ್ಚ್ 6, ಶುಕ್ರವಾರ. ಸಂಜೆ

ಅಕ್ಕ ಆಸ್ಪತ್ರೆಯ ಲ್ಯಾಬಿನಿಂದ ಬಂದಳು. ತೊಳೆಯುವುದು ಅಪ್ಪ, ಓಡಿಸುವುದು ಇವಳು. ಬಂದವಳೇ ನನ್ನ ತಲೆ ಸವರಿದಳು. ಸಂಶಯಾಸ್ಪದ.

"ಥ್ಯಾಂಕ್ಸ್ ಕಣೋ ಕೋತಿ."

"ಯಾತಕ್ಕೆ?"

"ಆ ಬಿಸಿಲಲ್ಲಿ ನಿಂತ ಗಾಡಿ ನಾನು ಬರೋ ಹೊತ್ತಿಗೆ ತಣ್ಣಗಿರುತ್ತಲ್ಲ. ದಿನಾ ಎಸಿ ಹಾಕಿಟ್ಟಿರ್ತೀಯ. ಒಂದೊಂದ್ಸಲ ನಿಂಗೂ ಬುದ್ಧಿ ಕೆಲಸ ಮಾಡುತ್ತೆ."

ಹಲ್ಲು ಕಿರಿದೆ. ಪುಕ್ಕಟೆ ಹೊಗಳಿಕೆ ಯಾರು ಬಿಡುತ್ತಾರೆ?

ನಾನು ಹಾಕಿಲ್ಲ. ಒಂದು ದಿನವೂ.

ಮಾರ್ಚ್ 8, ಭಾನುವಾರ

ಮನೆಮಂದಿಯ ವಿಚಾರಣೆ. ಅಪ್ಪನ ಫೋನು ಗುಂಡಿ ಒತ್ತುವಂಥದು. ಅಮ್ಮನಿಗೆ ಆ್ಯಪ್ ಅಂದರೆ ಅಲರ್ಜಿ. ಅಕ್ಕ ಹಾಕಿಕೊಂಡೇ ಇಲ್ಲ. ಹಾಗಾದರೆ...

ಅಕ್ಕ ಮಧ್ಯಾಹ್ನ ಗೆಳತಿಯ ಮನೆಗೆ ಹೋಗಿದ್ದಳು. ಬಂದು ರೇಗಿದಳು. "ನಾನು ಅವಳ ಮನೆ ಗೇಟಿಂದ ಆಚೆ ಬಂದ ತಕ್ಷಣ ಲೈಟು ಮಿಣಕ್ ಮಿಣಕ್ ಅನ್ನಿಸ್ತೀಯಲ್ಲ, ಮಾನ ಮರ್ಯಾದೆ ಇದೆಯಾ?"

"ನಾನಲ್ಲ. ಅಮ್ಮನಾಣೆ."

"ನನ್ನಾಣೆ ಹಾಕ್ಬೇಡಪ್ಪಾ," ಅಂದಳು ಅಮ್ಮ. "ಹೋದ್ಸಲ ಹಾಕಿದ್ದಕ್ಕೆ ಒಂದು ವಾರ ನೆಗಡಿ ನಂಗೆ."

ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನಾನೂ. ಆದರೆ ಅವಳು ಗೇಟಿನಿಂದ ಆಚೆ ಬಂದದ್ದು ಮ್ಯಾಪಿನಲ್ಲಿ ಕಾಣುವುದಿಲ್ಲ. ಕಣ್ಣಾರೆ ನೋಡಬೇಕು.

ಮಾರ್ಚ್ 9, ಸೋಮವಾರ

ಶೋರೂಮಿಗೆ ಫೋನ್. ಬೆಣ್ಣೆಯೇ ಎತ್ತಿದ.

"ಸರ್, ನಿಮ್ಮ ಹಳೇ ಅಕೌಂಟ್ ತೆಗೀರಿ."

"ತೆಗೆದಾಯ್ತಲ್ಲ ತಮ್ಮಾ, ಅವತ್ತೇ."

"ಮತ್ತೆ ನಂಗಿನ್ನೂ ಗೆಸ್ಟ್ ಅಂತಾನೇ ತೋರಿಸ್ತಿದೆ?"

"ಸರ್ವರ್ ಸ್ಲೋ ಇದೆ. ಟೆನ್ಶನ್ ತಗೋಬೇಡಿ. ಅಕ್ಕಾವ್ರು ಆರಾಮಾ? ಈ ವಾರ ಮೂರು ಗಂಟೆಗೇ ಬಿಡ್ತಾರೆ ಅಲ್ವಾ?"

ಅಕ್ಕನ ಪಾಳಿ ಬದಲಾದದ್ದು ಇವತ್ತು ಬೆಳಿಗ್ಗೆ. ಅಪ್ಪನಿಗೇ ಇನ್ನೂ ಗೊತ್ತಿರಲಿಲ್ಲ.

ಅಪ್ಪನಿಗೆ ಹೇಳಿದೆ. "ಪಾಪ, ಯೋಗಕ್ಷೇಮ ವಿಚಾರಿಸಿದ್ರೆ ತಪ್ಪಾ? ಫ್ಲೋರ್ ಮ್ಯಾಟ್ ಫ್ರೀ ಕೊಟ್ಟ ಮನುಷ್ಯ ಕಣೋ. ನಿನ್ನ ಕಿತಾಪತಿ ಅವನ ತಲೆಗೆ ಕಟ್ಟಬೇಡ."

ಬೆಣ್ಣೆ ಕೆಟ್ಟವನಾದರೆ ವ್ಯಾಪಾರವೂ ಕೆಟ್ಟದ್ದಾಗುತ್ತದೆ. ಅಪ್ಪ ಅದನ್ನು ಒಪ್ಪುವುದುಂಟೇ?

ಮಾರ್ಚ್ 10, ಮಂಗಳವಾರ

ಪದತ್ಯಾಗ. ಊಟದ ಮೇಜಿನ ಮೇಲೆ ಫೋನಿಟ್ಟು, ಸರ್ವರ ಸಮಕ್ಷಮ ಆ್ಯಪ್‌ನಿಂದ ಹೊರಬಂದು, ಅದನ್ನೂ ಅಳಿಸಿದೆ.

"ಇನ್ಮೇಲೆ ಕಾರು ಏನಾದ್ರೂ ಮಾಡಿದ್ರೆ ನಾನಲ್ಲ ಅಂತ ಒಪ್ತೀರಾ?"

"ಒಪ್ತೀವಿ," ಅಂದಳು ಅಕ್ಕ, ನನ್ನ ತಟ್ಟೆಯಿಂದ ಕದಿಯುತ್ತಾ.

ಮಾರ್ಚ್ 18, ಬುಧವಾರ

ಇಷ್ಟು ದಿನ ಏನೂ ಆಗಲಿಲ್ಲ. ಹಾರ್ನಿಲ್ಲ, ಲೈಟಿಲ್ಲ, ಎಸಿಯಿಲ್ಲ. ಅಪ್ಪ ತೀರ್ಪು ಕೊಟ್ಟರು: "ನೋಡಿದ್ಯಾ? ನೀನು ಬಿಟ್ಟೆ, ಅದೂ ಬಿಡ್ತು."

ಎಂಥ ಪೆದ್ದ ನಾನು. ಗೆಸ್ಟ್ ಎದ್ದುಹೋದದ್ದು ಮಾಲೀಕನ ಅಕೌಂಟ್ ಇರುವ ಬೆಣ್ಣೆಯ ಫೋನಿಗೆ ಗೊತ್ತಾಗುವುದಿಲ್ಲವೇ? ಅವನು ತೆಪ್ಪಗೆ ಕೂತ. ಸಾಬೀತಾದದ್ದು ನನ್ನ ಕಳ್ಳತನ. ಈಗ ಕಾರು ಎಲ್ಲಿದೆಯೆಂದು ನನಗೆ ಕಾಣುವುದಿಲ್ಲ. ಅವನಿಗೆ ಕಾಣುತ್ತದೆ.

ಇವತ್ತು ಅಕ್ಕ ಬಂದು ಚಪ್ಪಲಿ ಬಿಡುತ್ತಾ, "ಮತ್ತೆ ಶುರು ಹಚ್ಕೊಂಡ್ಯಾ? ಗಾಡಿ ಐಸಾಗಿತ್ತು. ಆಮೇಲೆ ಪಕ್ಕದ ಸೀಟು ಅಷ್ಟೊಂದು ಹಿಂದಕ್ಕೆ ಯಾಕೋ ತಳ್ಳಿದ್ದೀಯ? ಉದ್ದ ಕಾಲಿನ ಒಂಟೆ ಕೂತಿತ್ತಾ?"

ನಮ್ಮ ಮನೆಯಲ್ಲಿ ಯಾರಿಗೂ ಉದ್ದ ಕಾಲಿಲ್ಲ. ನಗೆ ಬರಲಿಲ್ಲ.

"ನಾಳೆ ಬಸ್ಸಲ್ಲಿ ಹೋಗೇ, ಅಕ್ಕ. ಕಾಲಿಗೆ ಬೀಳ್ತೀನಿ."

"ಆ್ಯಕ್ಟಿಂಗ್ ಚೆನ್ನಾಗಿ ಕಲ್ತಿದ್ದೀಯ," ಅಂದಳು.

ಮಾರ್ಚ್ 19, ಗುರುವಾರ. ಮಧ್ಯಾಹ್ನ

ಆಸ್ಪತ್ರೆಯ ಹಿಂದಿನ ಪಾರ್ಕಿಂಗ್. ಕಾರಿನೊಳಗೆ. ಅಪ್ಪನ ಎರಡನೇ ಕೀ ಎಗರಿಸಿ ತಂದೆ. ಒಳಗಿಂದ ಲಾಕ್ ಮಾಡಿ ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಮುದುಡಿದ್ದೇನೆ. ಕಾರು ತಾನಾಗಿ ಸ್ಟಾರ್ಟ್ ಆದರೆ ವೀಡಿಯೊ ಹಿಡಿಯುತ್ತೇನೆ. ಆಗ ನಂಬಲೇಬೇಕು. ಸುಮ್ಮನೆ ಕಾಯಲಾಗದೆ ಬರೆಯುತ್ತಿದ್ದೇನೆ. ಒಲೆಯೊಳಗೆ ಕೂತಂತಿದೆ. ಬೆವರು ಹಾಳೆಯ ಮೇಲೆ.

ಸ್ಟಾರ್ಟ್ ಆಯಿತು. ತಾನೇ. ತಣ್ಣನೆ ಗಾಳಿ.

ವೀಡಿಯೊ ಆಯಿತು. ಅಕ್ಕನಿಗೆ ಫೋನ್ ಮಾಡಿದೆ, ಪಿಸುಗುಟ್ಟಿದೆ. "ನಾನು ಕಾರಲ್ಲಿದ್ದೀನಿ. ನೀನು ಒಬ್ಳೇ ಬರಬೇಡ, ಸೆಕ್ಯುರಿಟಿಯವರನ್ನ ಕರ್ಕೊಂಡು..."

"ಕಾರಲ್ಲಾ? ಸರಿ ಬಿಡು, ಜೊತೇಗೇ ಹೋಗೋಣ. ಐದೇ ನಿಮಿಷ." ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಎತ್ತುತ್ತಿಲ್ಲ.

ಟಕ್. ನಾಲ್ಕೂ ಲಾಕು ತೆಗೆದುಕೊಂಡವು.

ಮುಂದಿನ ಬಾಗಿಲು. ಎಡಗಡೆಯದು. ಕಾರು ಒಂದು ಕಡೆಗೆ ಬಾಗಿತು. ಕೂತ. ಉಸಿರು ಕೇಳಿಸುತ್ತಿದೆ... ನನ್ನದೂ ಅವನಿಗೆ ಕೇಳಿಸುತ್ತಿರಬಹುದು. ತಲೆಯ ಹಿಂಭಾಗ ಮಾತ್ರ ಕಾಣುತ್ತಿದೆ. ಬೆಣ್ಣೆ. ತಲೆ ಬಾಚಿಕೊಳ್ಳುತ್ತಿದ್ದಾನೆ.

ಸೀಟುಗಳ ಸಂದಿಯಿಂದ ಹೊರಗೆ ಅಕ್ಕ ಕಾಣುತ್ತಿದ್ದಾಳೆ. ಮೆಟ್ಟಿಲಿಳಿದಳು. ಒಬ್ಬಳೇ. ಗಾಜಿನ ಮೇಲೆ ಬಿಸಿಲು, ಒಳಗಿರುವವರ ಮುಖ ಅವಳಿಗೆ ಕಾಣದು. ಪಕ್ಕದ ಸೀಟಿನಲ್ಲಿರುವುದು ನಾನೆಂದುಕೊಂಡು ಕೈ ಬೀಸುತ್ತಿದ್ದಾಳೆ. ನಗುತ್ತಿದ್ದಾಳೆ. ಅವನೂ ಕೈ ಎತ್ತಿದ.

ಕೂಗಬೇಕು. ಅವಳು ಬಾಗಿಲಿಗೆ ಕೈ ಹಾಕುವ ಮೊದಲು ನಾನು