ಹಳ್ಳದ ದಂಡೆಯ ನೀಲಿ ಹೂ

ಸುಕನ್ಯಾ,

ವಿಳಾಸ ಗೊತ್ತಿಲ್ಲದೆಯೇ ಬರೆಯುತ್ತಿದ್ದೇನೆ. ನೀನು ನಮ್ಮ ಮಾತು ಮೀರಿ ಮದುವೆಯಾಗಿ ಹೋದ ಮೇಲೆ ಅವ್ವ ನಿನ್ನ ಹೆಸರೆತ್ತಿರಲಿಲ್ಲ. ಈಗ ಅವಳಿಗೆ ಮರೆವಿನ ಕಾಯಿಲೆ. ಈ ವಾರವಿಡೀ ಒಂದೇ ಹಟ: "ಹಳ್ಳದ ದಂಡಿ ಮ್ಯಾಲಿನ ನೀಲಿ ಹೂ ತಾ."

ಗುಡೇಕೋಟೆ ಹಳ್ಳದಲ್ಲಿ ಕಂಡ ನೀಲಿ ಹೂಗಳನ್ನೆಲ್ಲ ತಂದೆ. "ಇದಲ್ಲಲೇ" ಎಂದು ಒಂದೊಂದನ್ನೂ ಎಸೆದಳು. ಇವತ್ತು, "ಗಿಣ್ಣಿನ ಸುತ್ತ ಮುಳ್ಳು ಇರತಾವ" ಎಂದಳು. ಕೆಸರಲ್ಲಿ ಬೆಳೆಯುವ ಮುಳ್ಳುಗಿಡ ಕೊಳವಳಿಕೆಯ ಹೂ ಅದು ಎಂದು ಆಗ ಹೊಳೆಯಿತು. ಮತ್ತೆ ಓಡಿದೆ, ಕೆಸರಿಗಿಳಿದು, ಕೈಗೆ ಚುಚ್ಚಿಸಿಕೊಂಡು ಕಿತ್ತು ತಂದೆ.

ಅವ್ವ ಮುಳ್ಳು ಮುಟ್ಟಿ ನೋಡಿ ನಕ್ಕಳು.

"ಹ್ಞೂಂ, ಇದಾ. ಸುಕನ್ಯಾಗ ಭಾಳ ಸೇರತಾವ. ಸಾಲಿಯಿಂದ ಬರೋ ಹೊತ್ತಾತು, ಕದ ತೆಗಿಯೋ ಅರುಣ."

ತೆಗೆದೆ. ಕತ್ತಲಾಗುತ್ತಿದೆ, ಮುಚ್ಚಲು ಕೈ ಬರುತ್ತಿಲ್ಲ.

ನಿನ್ನಣ್ಣ