ಚಿಪ್ಪಿನ ಖರ್ಚು

ಜನವರಿ 12, ಸೋಮವಾರ

ನಂತೂರಿನಲ್ಲಿ ಇವತ್ತೂ ಲಾರಿಗಳ ಸಾಲು. ಸುರತ್ಕಲ್ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಲ್ಯಾಬಿಗೆ ಕಾಲಿಟ್ಟರೆ ಝೇವಿಯರ್ ಸರ್ ಆಗಲೇ ನಿರೀಕ್ಷಾಳ ಕುರ್ಚಿಯ ಹಿಂದೆ. ಅವಳ ಗ್ರಾಫ್ ನೋಡಿ "ಬ್ಯೂಟಿಫುಲ್" ಅಂದರು. ಮೂರು ವರ್ಷದಿಂದ ನನ್ನ ಗೈಡ್ ಈ ಮನುಷ್ಯ. ನನ್ನ ಗ್ರಾಫ್ ಇದುವರೆಗೆ "ಓಕೆ" ದಾಟಿಲ್ಲ.

ಅವಳು ಬಂದದ್ದು ಕಳೆದ ಜೂನ್‌ನಲ್ಲಿ. ಇಬ್ಬರದೂ ಒಂದೇ ವಿಷಯ. ತಿನ್ನುವ ಪ್ರಾಣಿಯಿಂದ ಪಾರಾಗಲು ಬೇಟೆಯ ಪ್ರಾಣಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತದೆ, ಅದನ್ನು ಸಮೀಕರಣದಲ್ಲಿ ಹಿಡಿಯುವುದು. ನನ್ನವು ಬರೀ ಎಕ್ಸ್, ವೈ. ಅವಳವು ಮರುವಾಯಿ, ಅಂದರೆ ನಮ್ಮ ಹೊಳೆಯ ಕಪ್ಪೆಚಿಪ್ಪು, ಮತ್ತು ಏಡಿ. ಏಡಿ ಹೆಚ್ಚಾದರೆ ಚಿಪ್ಪು ದಪ್ಪವಾಗುತ್ತದೆ, ಆದರೆ ದಪ್ಪ ಚಿಪ್ಪಿಗೆ ಖರ್ಚುಂಟು, ಮರಿಗಳು ಕಡಿಮೆಯಾಗುತ್ತವೆ. ಅವಳ ಅಮ್ಮ ಬಾಗಿಯಕ್ಕ ಮರುವಾಯಿ ತೊಳೆಯುವುದನ್ನು ನೋಡುವಾಗ ಹೊಳೆಯಿತಂತೆ. ನಾನೂ ಹುಟ್ಟಿದಂದಿನಿಂದ ತಿಂದದ್ದು ಅದೇ ಮರುವಾಯಿ... ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ. ಇಲ್ಲಿ ಯಾರು ಓದುತ್ತಾರೆ?

ಜನವರಿ 15

ಪುಣೆ ಕಾನ್ಫರೆನ್ಸಿಗೆ ನಮ್ಮ ಲ್ಯಾಬಿನಿಂದ ಒಬ್ಬರೇ. 22ಕ್ಕೆ ಇಬ್ಬರೂ ಸರ್ ಎದುರು ತೋರಿಸಬೇಕು. ಆ ದಿನವೇ ತೀರ್ಮಾನ.

ಎಂದಿನ ನಿಯಮ — ಒಬ್ಬರ ಕೋಡನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ "ಸರಿ ಉಂಟು" ಅನ್ನಬೇಕು. ಆಮೇಲೆಯೇ ಗ್ರಾಫ್ ಮೀಟಿಂಗಿನಲ್ಲಿ ಸರ್ ಎದುರು ಹೋಗುವುದು. ಅವಳದು ನಾನು, ನನ್ನದು ಅವಳು.

ಮಧ್ಯಾಹ್ನ ಮರುವಾಯಿ ಹಾಕಿದ ಅಕ್ಕಿ ಕಡುಬು, ಪುಂಡಿಯ ಡಬ್ಬಿ ನನ್ನ ಮುಂದೆ ಇಟ್ಟಳು. "ತಿನ್ನು ಮಾರಾಯ್ತಿ. ರಾಹಿಲಾಗೆ ಅಂತ ಅಮ್ಮ ಬೇರೆಯೇ ಹಾಕಿ ಕೊಟ್ಟಿದ್ದಾರೆ."

ತಿಂದೆ. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಜನವರಿ 18, ಭಾನುವಾರ. ಬೆಳಿಗ್ಗೆ 11

ಸಿಕ್ಕಿತು.

ಕೋಡ್ ಪರೀಕ್ಷಿಸಲು ನಾವು ಮೊದಲು ಚಿಪ್ಪಿನ ಖರ್ಚನ್ನು ಸೊನ್ನೆ ಮಾಡಿ ಓಡಿಸುತ್ತೇವೆ. ಕವಚ ಪುಕ್ಕಟೆ ಸಿಕ್ಕಿದರೆ ಯಾರು ಬಿಡುತ್ತಾರೆ? ಎಲ್ಲ ಮರುವಾಯಿಗೂ ದಪ್ಪ ಚಿಪ್ಪು ಬರಬೇಕು. ಬಂದರೆ ಕೋಡ್ ಸರಿ. ಆಮೇಲೆ ಖರ್ಚು ವಾಪಸ್ ಹಾಕಬೇಕು.

ಅವಳು ಹಾಕಿಲ್ಲ. ಸೊನ್ನೆ ಹಾಗೆಯೇ ಕೂತಿದೆ. ಸರ್ ಹೇಳಿದ "ಬ್ಯೂಟಿಫುಲ್" ಎಲ್ಲ ಆ ಸೊನ್ನೆಯ ಮೇಲೆ.

ಖುಷಿಯಾಯಿತು. ನಿಜವಾಗಿ ಖುಷಿಯಾಯಿತು.

ಅದೇ ದಿನ, ಮಧ್ಯಾಹ್ನ

ವಾಟ್ಸಾಪ್ ಮಾಡಿದೆ: "ನೋಡಿದೆ. ಸರಿ ಉಂಟು." ಅವಳಿಂದ ಒಂದು ಕೆಂಪು ಹೃದಯ ಬಂತು. ಫೋನ್ ಆಫ್ ಮಾಡಿ ಮಲಗಿದೆ.

ಜನವರಿ 19

ಲ್ಯಾಬಿಗೆ ಹೋಗಲಿಲ್ಲ. ಫೋನೂ ಆನ್ ಮಾಡಲಿಲ್ಲ. ಸಂಜೆ ಶಕ್ತಿನಗರದ ನಮ್ಮ ಮನೆ ಬಾಗಿಲಲ್ಲಿ ನಿರೀಕ್ಷಾ. ಎರಡು ಬಸ್ ಬದಲಿಸಿ ಬಂದಿದ್ದಳು. ಕೈಯಲ್ಲಿ ನನ್ನ ಕೋಡಿನ ಮೇಲೆ ಬರೆದ ಒಂದು ಪುಟ ಟಿಪ್ಪಣಿ.

"ತಿನ್ನುವ ಪ್ರಾಣಿಯ ಸಾವಿನ ಲೆಕ್ಕವನ್ನು ನೀನು ಕೋಡಿನಲ್ಲಿ ಎರಡು ಸಲ ಕಳೆದಿದ್ದೀ. ಫೋನ್ ಹೋಗ್ಲಿಲ್ಲ, ಅದಕ್ಕೆ ಬಂದೆ. ಗುರುವಾರ ಸರ್ ಕೈಗೆ ಸಿಕ್ಕಿದ್ರೆ ಬಿಡ್ತಿದ್ರಾ ನಿನ್ನನ್ನು?"

ಹೌದು, ಎರಡು ಸಲ ಕಳೆದಿದ್ದೆ. ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಉಮ್ಮ ಚಾ ಕೊಟ್ಟರು, ಅಕ್ಕಿ ರೊಟ್ಟಿ ಪತ್ತಿರಿ ಕೊಟ್ಟರು. ಅವಳು ಹೊರಟ ಮೇಲೂ ಅವಳದೇ ಗುಣಗಾನ. "ಇಂಥ ಫ್ರೆಂಡ್ ಸಿಗ್ಲಿಕ್ಕೆ ನಸೀಬ್ ಬೇಕು ಮಗಳೇ." ಉಮ್ಮನನ್ನೂ ಗೆದ್ದುಕೊಂಡು ಹೋದಳು.

ಗೇಟಿನ ತನಕ ಬಿಡಲು ಹೋಗಿದ್ದೆ. ಆಗ ಹೇಳಬಹುದಿತ್ತು. ಬಾಯಿ ತೆರೆದೆ. "ಈಗ ಬಸ್ ಉಂಟಾ?" ಎಂದು ಕೇಳಿದೆ.

ಜನವರಿ 22, ಗುರುವಾರ

ಮೊದಲು ನಾನು. ಒಂದೂ ಪ್ರಶ್ನೆ ಬರಲಿಲ್ಲ. ತಿದ್ದಿಕೊಟ್ಟವಳು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದಳು.

ಆಮೇಲೆ ಅವಳು. ಸರ್ ಕೇಳಿದರು, "ಏಡಿ ಪೂರ್ತಿ ಸತ್ತ ಮೇಲೆ ಚಿಪ್ಪು ತೆಳು ಆಗ್ಬೇಕಲ್ಲ? ಶತ್ರು ಇಲ್ಲ, ಮತ್ತೆ ಯಾಕೆ ಹೊತ್ಕೊಂಡು ತಿರುಗ್ತದೆ?"

ಅವಳು ಗ್ರಾಫ್ ನೋಡಿದಳು. ಮತ್ತೆ ನೋಡಿದಳು. ಕಿವಿ ಕೆಂಪಾಯಿತು.

"ಕೋಡ್ ಓದಿದ್ದು ಯಾರು?"

"ರಾಹಿಲಾ ಸರ್. ಅವಳು ಸರಿ ಉಂಟು ಅಂದಿದ್ದಾಳೆ. ಹಾಗಾದ್ರೆ ಆಮೇಲೆ ನಾನೇ ಎಂತದೋ ಮುಟ್ಟಿರ್ಬೇಕು."

ಸರ್ ನನ್ನ ಕಡೆ ತಿರುಗಿದರು. ನಾನು ಲ್ಯಾಪ್‌ಟಾಪ್ ಚಾರ್ಜರ್ ಸುತ್ತುತ್ತಿದ್ದೆ.

ಪುಣೆಗೆ ನಾನು. ಮನೆಯಲ್ಲಿ ಉಮ್ಮ ಪಾಯಸ ಮಾಡಿದರು. ಅರ್ಧ ಲೋಟ ಹಾಗೆಯೇ ಬಿಟ್ಟು ಎದ್ದೆ.

ಜನವರಿ 23

ಕ್ಯಾಂಟೀನ್. ಅವಳ ಕಣ್ಣು ಊದಿತ್ತು. "ತಪ್ಪು ಈಗ ಬೆಳಿಗ್ಗೆ ಸಿಕ್ಕಿತು" ಅಂದಳು. ನನಗೆ ಎಲ್ಲಿಂದ ಬಂತೋ ಕನಿಕರ.

"ಹೋಗ್ಲಿ ಬಿಡು ಮಾರಾಯ್ತಿ. ಆ ಸೊನ್ನೆ ತೆಗೆದು ಓಡಿಸಿದ್ರೆ ಹತ್ತು ನಿಮಿಷದ ಕೆಲಸ."

ಅವಳ ಲೋಟ ಅರ್ಧ ದಾರಿಯಲ್ಲಿ ನಿಂತಿತು.

"ಸೊನ್ನೆ ಅಂತ ನಾನು ಇನ್ನೂ ಯಾರಿಗೂ ಹೇಳ್ಲಿಲ್ಲ."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ನಾನೂ ಎರಡು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ. ಚಾ ಪೂರ್ತಿ ಕುಡಿದು, ಲೋಟ ತೊಳೆಯುವ ಜಾಗದಲ್ಲಿ ಇಟ್ಟು ಹೋದಳು.

ಫೆಬ್ರವರಿ 11

ಉಮ್ಮ ಕೇಳಿದರು, "ಆ ಹುಡುಗಿ ಮತ್ತೆ ಬರ್ಲೇ ಇಲ್ಲ ಅಲ್ಲ?" ಕೆಲಸ ಜಾಸ್ತಿ ಉಂಟು ಅಂದೆ.

ಈಗ ಅವಳ ಫೋಲ್ಡರ್‌ಗೆ ಪಾಸ್‌ವರ್ಡ್ ಉಂಟು. ಊಟ ಬೇರೆ ಟೇಬಲ್. ಎದುರು ಸಿಕ್ಕಿದರೆ ನಗುತ್ತಾಳೆ. ಸರ್ ಎದುರು ನಕ್ಕ ಹಾಗೆ. ಬಂದಾಗ ಎಷ್ಟು ಸಲೀಸಾಗಿದ್ದಳು... ನನ್ನನ್ನು ತಿಂದುಹಾಕಲು ಬಂದವಳು ಅಂತ ಜೂನ್‌ನಿಂದ ಹೆದರಿದ್ದೆ. ಹಲ್ಲು ಇದ್ದದ್ದು ನನಗೆ.

ಹೇಳಲಾಗದ ಇನ್ನೊಂದು ಸಂಗತಿ: ಸೊನ್ನೆ ತೆಗೆದ ಮೇಲೆ ಅವಳ ಗ್ರಾಫ್ ಇನ್ನೂ ಚಂದ ಬಂದಿದೆ. ಸರ್ ಸ್ಕ್ರೀನಿನಲ್ಲಿ ಕಂಡೆ. ಏಡಿ ಹೆಚ್ಚಿದಂತೆ ಚಿಪ್ಪು ಏರುತ್ತದೆ, ಏಡಿ ಸತ್ತ ಮೇಲೆ ನಿಧಾನವಾಗಿ ಇಳಿಯುತ್ತದೆ. ಬಹಳ ತಲೆಮಾರು ಬೇಕು ಇಳಿಯಲಿಕ್ಕೆ. ಈಗಲೂ ಹೊಟ್ಟೆ ಉರಿಯಿತು. ನಾಚಿಕೆಯಿಲ್ಲದ ಹೊಟ್ಟೆ.

ಫೆಬ್ರವರಿ 16, ಮಧ್ಯಾಹ್ನ

ಸಂಜೆ ಪುಣೆಗೆ ರೈಲು. ಕೊನೆಯ ಕೋಡನ್ನು ನಿಯಮದಂತೆ ಅವಳಿಗೆ ಕಳಿಸಿ ವಾರವಾಯಿತು. ಅದರಲ್ಲಿ ಮೂರು ಕಡೆ ಹೊಸದು ಸೇರಿಸಿದ್ದೇನೆ. ನನ್ನ ತಪ್ಪು ನನ್ನ ಕಣ್ಣಿಗೆ ಬೀಳುವುದಿಲ್ಲ, ಅದು ಗೊತ್ತಾಗಿದೆ. ಹಾಗಾಗಿ ಕಾಯುತ್ತಿದ್ದೆ.

ಈಗಷ್ಟೇ ಬಂತು.

"ನೋಡಿದೆ. ಸರಿ ಉಂಟು."

ಅಷ್ಟೇ. ಪುಟ ಇಲ್ಲ. ಹೃದಯ ಇಲ್ಲ. ನಾನು ಅವಳಿಗೆ ಕಳಿಸಿದ್ದ ಅದೇ ಮೂರು ಪದ, ನನಗೇ ವಾಪಸ್.

ಅವಳು ನನ್ನಂಥವಳಲ್ಲ. ಖಂಡಿತ ಅಲ್ಲ. ನಿಜವಾಗಿ ಸರಿ ಇರಬಹುದು.

ಬಟ್ಟೆ ಇನ್ನೂ ತುಂಬಿಸಿಲ್ಲ. ಉಮ್ಮ ಊಟಕ್ಕೆ ಕರೆಯುತ್ತಿದ್ದಾರೆ. ಲ್ಯಾಪ್‌ಟಾಪ್ ತೆರೆದು ಮೊದಲ ಸಾಲಿನಿಂದ ಓದಲು ಕೂತಿದ್ದೇನೆ. ಒಂದನೆಯದು ಸರಿ ಉಂಟು. ಎರಡನೆಯದು ಸರಿ ಉಂಟು. ಮೂರನೆಯದು —