ಮೊಣಕಾಲಿನಿಂದ ಹಿಮ್ಮಡಿಯವರೆಗೆ

ಭಾನುವಾರ, ಮಧ್ಯಾಹ್ನ

ಪ್ರಿಯ ಅರ್ಧಮಾಪ,

ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ. ಕೇಳಿದರೆ ಪರವಾಗಿಲ್ಲ ಅನ್ನುತ್ತೀಯ, ಅದನ್ನು ನಾನು ಇಲ್ಲಿ ಕೂತು ಎರಡರಿಂದ ಗುಣಿಸಬೇಕು. ಇದು ಅಪ್ಪಟ ಕಚೇರಿ ಪತ್ರ. ಗಂಡನಿಗೆ ಹೆಂಡತಿ ಬರೆದದ್ದು ಅಂತ ಅಂದುಕೊಳ್ಳಬೇಡ.

ಕಳೆದ ಚಳಿಗಾಲ ನೀನು ಏರಿದ ಆ ಅಲೆ ಇದೆಯಲ್ಲ, ನಾನು ತೆಗೆದ ಅದರ ಫೋಟೋವನ್ನು ಸರ್ಫಿಂಗ್ ಸಂಘದವರು ವರ್ಷದ ದೊಡ್ಡ ಅಲೆಯ ಸ್ಪರ್ಧೆಗೆ ಆರಿಸಿದ್ದಾರೆ. ಎತ್ತರ ತೀರ್ಮಾನಿಸಲು ನಿನ್ನೆ ಮೂವರು ಮನೆಗೇ ಬಂದಿದ್ದರು. ಊಟದ ಮೇಜಿನ ಮೇಲೆ ಫೋಟೋ ಹರಡಿ, ಸ್ಕೇಲು ಹಿಡಿದು ಜಗಳಕ್ಕೆ ನಿಂತರು. ಅಲೆಯ ತಲೆ ಎಲ್ಲಿ ಅನ್ನುವುದರಲ್ಲಿ ತಕರಾರಿಲ್ಲ, ಬುಡ ಎಲ್ಲಿ ಅನ್ನುವುದೇ ರಗಳೆ. ನೊರೆ ಮುಗಿಯುವ ಕಡೆ ಅಂದರು ಅಧ್ಯಕ್ಷರು. ಅಲ್ಲ, ನೀರು ಮಟ್ಟಸವಾಗುವ ಕಡೆ ಅಂದ ಸರ್ಫಿಂಗ್ ಬೋರ್ಡು ರಿಪೇರಿಯವನು. ನಿನಗೆ ಅಲೆ ಏರಲು ಕಲಿಸಿದ ಗುರುಗಳಂತೂ, ಅಲೆ ಅಳೆಯೋದು ಹಿಂದಿನಿಂದ ಕಣ್ರಯ್ಯಾ, ಮುಂದಿನಿಂದ ಅಳೆಯೋರೆಲ್ಲ ಬಡಾಯಿಕೋರರು ಅಂತ ಮೇಜು ಗುದ್ದಿ ನನ್ನ ಕಾಫಿ ಚೆಲ್ಲಿದರು. ಹಿಂದಿನಿಂದ ನೋಡಿದರೆ ಎಂಥ ಅಲೆಯೂ ಅರ್ಧವೇ ಕಾಣುತ್ತದೆ. ಅಷ್ಟನ್ನೇ ಹೇಳುವುದು ಅವರ ಪ್ರಕಾರ ಗಂಡಸುತನ. ನಿನಗೆ ಅರ್ಧಮಾಪ ಅನ್ನುವ ಅಡ್ಡಹೆಸರು ಬಂದದ್ದೂ ಅವರ ಗರಡಿಯಲ್ಲೇ ತಾನೆ?

ನೀನು ಆ ಅಲೆ ಏರಿದ ದಿನವೂ ಹಾಗೇ ಆಯಿತು. ನಾನು ಬಂಡೆಯ ಮೇಲೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಅಲೆ ನಿನ್ನನ್ನು ನುಂಗಿತು, ನೀನು ಮೇಲೆ ಬರಲಿಲ್ಲ. ಇನ್ನೊಂದು ಅಲೆ ಬಂದು ಹೋಯಿತು, ಆಗಲೂ ಬರಲಿಲ್ಲ. ಕೊನೆಗೆ ನೀನು ತೆವಳಿಕೊಂಡು ದಡಕ್ಕೆ ಬಂದವನೇ, ಮೂಗಿನಿಂದ ಉಪ್ಪುನೀರು ಸುರಿಸುತ್ತ, ಅಷ್ಟೇನಿರಲಿಲ್ಲ ಬಿಡು, ಸುಮಾರಾಗಿತ್ತು ಅಂದುಬಿಟ್ಟೆ. ಚೀಲ ತುಂಬಿಕೊಂಡು ಮನೆಯಿಂದ ಹೊರಡು ಅಂತ ನಾನು ಹೇಳಿದ್ದು ಅದಕ್ಕೇ. ನೀನು ಹೊರಟೇಬಿಟ್ಟೆ. ಸ್ನೇಹಿತರ ಹತ್ತಿರ ಅದನ್ನೂ ಸಣ್ಣ ಜಗಳ ಅಂತ ಹೇಳಿಕೊಂಡಿದ್ದೀಯಂತೆ. ಅದನ್ನೂ ಹಿಂದಿನಿಂದಲೇ ಅಳೆದಿರಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ಫೋಟೋದಲ್ಲಿ ನೀನೇ ಅಳತೆಗೋಲು. ಆದರೆ ನೀನು ಬಗ್ಗಿ ನಿಂತಿದ್ದೀಯ, ಬಗ್ಗಿದವನ ಎತ್ತರವನ್ನು ನಂಬುವಂತಿಲ್ಲ. ಮನುಷ್ಯ ಹೇಗೆ ಮುದುಡಿದರೂ ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಉದ್ದ ಮಾತ್ರ ಕುಗ್ಗುವುದಿಲ್ಲವಂತೆ. ಅಂಥ ಎಷ್ಟು ಕಾಲು ಒಂದರ ಮೇಲೊಂದು ಇಟ್ಟರೆ ಅಲೆಯ ತಲೆ ಮುಟ್ಟುತ್ತದೆ ಅಂತ ಎಣಿಸಿಯೂ ಆಯಿತು. ಇನ್ನು ಬೇಕಾದದ್ದು ನಿನ್ನ ಕಾಲಿನ ನಿಜವಾದ ಅಳತೆ. ಮೂವರೂ ನನ್ನ ಮುಖ ನೋಡಿದರು. ನನಗೆ ಗೊತ್ತಿಲ್ಲ ಅಂದೆ. ಹೆಂಡತಿಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗಮ್ಮಾ ಗೊತ್ತಿರುತ್ತೆ ಅಂತ ಗುರುಗಳು ಗೊಣಗಿದರು.

ಆದ್ದರಿಂದ ಬರುವ ಶನಿವಾರ ನೀನೇ ಖುದ್ದಾಗಿ ಬಂದು ಕಾಲು ಚಾಚಬೇಕು. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ. ನೀನು ಕಾಲನ್ನೂ ಅರ್ಧ ಮಾಡಿ ಹೇಳುವ ಪೈಕಿ.

ನಿನ್ನ ಹಳೇ ಬೋರ್ಡು ಮೆಟ್ಟಿಲ ಕೆಳಗೆ ಹಾಗೇ ಇದೆ. ಕಾಲು ಜಾರದಿರಲಿ ಅಂತ ಅದಕ್ಕೆ ಬಳಿದ ಮೇಣ ಸೆಕೆಗೆ ಕರಗಿ ನೆಲಕ್ಕೆ ಅಂಟಿದೆ, ಕೆರೆದು ತೆಗೆಯಲು ಮನಸ್ಸು ಬರಲಿಲ್ಲ. ಬಚ್ಚಲಲ್ಲಿ ಮರಳಿಲ್ಲ. ಆ ಮರಳಿಗಾಗಿ ನಿನ್ನನ್ನು ಎಷ್ಟು ಬೈದಿಲ್ಲ ನಾನು! ಈಗ ಅಂಗಾಲಿಗೆ ಒಂದು ಕಣವೂ ಚುಚ್ಚುವುದಿಲ್ಲ, ಮನೆ ಭಣಗುಡುತ್ತದೆ. ಕಚೇರಿ ಪತ್ರದಲ್ಲಿ ಇದನ್ನೆಲ್ಲ ಬರೆಯಬಾರದಿತ್ತು. ಸಮುದ್ರ ಬಿಟ್ಟುಬಿಡು ಅಂತ ನಾನು ಕೇಳುತ್ತಿಲ್ಲ ಕಣೋ. ಹೆದರಿಕೆಯಾದ ದಿನ ಹೆದರಿಕೆಯಾಯಿತು ಅಂತ ನನ್ನ ಹತ್ತಿರವಾದರೂ ಪೂರ್ತಿ ಹೇಳು. ನನಗೆ ಅಷ್ಟು ಸಾಕು.

ಇಂತಿ,
ಎಲ್ಲವನ್ನೂ ಮುಂದಿನಿಂದಲೇ ನೋಡಿದ
ನಿನ್ನ ಬಂಡೆಯ ಮೇಲಿನವಳು

ವಿ.ಸೂ.: ನಿನ್ನ ಕಾಲಿನ ಅಳತೆ ನನಗೆ ಗೊತ್ತು. ಸೋಫಾದಲ್ಲಿ ನನ್ನ ತೊಡೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗುತ್ತಿದ್ದೆಯಲ್ಲ, ಆಗ ನನ್ನ ಮೊಣಕೈಯನ್ನು ನಿನ್ನ ಮೊಣಕಾಲಿಗೆ ಕೊಟ್ಟು ಕೈ ಚಾಚಿದರೆ ಹಿಮ್ಮಡಿಗೆ ಇನ್ನೂ ನಾಲ್ಕು ಬೆರಳು ಉಳಿಯುತ್ತಿತ್ತು. ಅವರು ಹೋದ ಮೇಲೆ ನನ್ನ ಕೈಗೇ ಟೇಪು ಹಿಡಿದು ನೋಡಿದೆ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅವರು ಬರುವುದು ಶನಿವಾರ. ನೀನು ಶುಕ್ರವಾರವೇ ಬಾ.